ಅಪ್ಪನ ಕಣ್ಣು, ಮಗಳ ಮುಟ್ಟು

ಪ್ರಶ್ನೆ: ನನಗೆ 24 ವರ್ಷ, ಮೂಡಿಗೆರೆ ಹತ್ತಿರದ ಹಳ್ಳಿ. ಹುಟ್ಟಿದಾಗಿನಿಂದ ನನ್ನ ಕಣ್ಣು ಚಿಕ್ಕವು, ರೆಪ್ಪೆ ಪೂರ್ತಿ ಮೇಲೇಳುವುದಿಲ್ಲ. ಅಪ್ಪನಿಗೂ ಸೋದರತ್ತೆಗೂ ಹೀಗೇ ಇದೆ. 'ನಮ್ಮ ಮನೆತನದ ಕಣ್ಣು' ಅಂತ ಅಜ್ಜಿ ನಗುತ್ತಾರೆ. ಐದನೇ ವಯಸ್ಸಿನಲ್ಲಿ ರೆಪ್ಪೆಗೆ ಆಪರೇಷನ್ ಆಗಿದೆ. ಈಗಿನ ಚಿಂತೆ ಬೇರೆ. 13ಕ್ಕೆ ದೊಡ್ಡವಳಾದೆ, ನಾಲ್ಕೈದು ವರ್ಷ ಮುಟ್ಟು ಸರಿಯಾಗಿತ್ತು. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಆಗತೊಡಗಿತು, ಈಗ ಏಳು ತಿಂಗಳಿಂದ ಇಲ್ಲ. ಪಿಸಿಒಡಿ (ಅಂಡಾಶಯದಲ್ಲಿ ನೀರುಗುಳ್ಳೆ) ಎಂದು ಮಾತ್ರೆ ಕೊಟ್ಟರು. ತಗೊಂಡರೆ ಆಗುತ್ತೆ, ಬಿಟ್ಟರೆ ಇಲ್ಲ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಕಣ್ಣಿಗೂ ಮುಟ್ಟಿಗೂ ಸಂಬಂಧ ಇರುತ್ತೆ ಎಂದು ಮೊಬೈಲಿನಲ್ಲಿ ಓದಿದೆ. ಆದರೆ ಅಪ್ಪನಿಗೆ ನಾವು ಮೂರು ಜನ ಮಕ್ಕಳು. ಸೋದರತ್ತೆಗೆ ಮಾತ್ರ ಆಗಲಿಲ್ಲ.

ಉತ್ತರ: ನೀವು ಕೊನೆಯಲ್ಲಿ ಬರೆದಿರುವ ಆ ಒಂದು ಸಾಲು ಓದಿ ಪತ್ರವನ್ನು ಮತ್ತೆ ಮೊದಲಿನಿಂದ ಓದಿದೆ. ಅದೇ ಕಣ್ಣು, ಗಂಡಸಿಗೆ ಮೂರು ಮಕ್ಕಳು, ಅವರ ತಂಗಿಗೋ ಅಕ್ಕನಿಗೋ ಒಂದೂ ಇಲ್ಲ. ಎಷ್ಟೋ ಮನೆಗಳಲ್ಲಿ ಇದನ್ನು ಆ ಹೆಂಗಸಿನ ಹಣೆಬರಹ ಎಂದು ಬಿಟ್ಟುಬಿಡುತ್ತಾರೆ.

ಪತ್ರ ನೋಡಿ ಕಾಯಿಲೆ ಹೇಳುವುದು ಸರಿಯಲ್ಲ, ಆದರೆ ನನ್ನ ಅನುಮಾನ ಬಲವಾಗಿದೆ. ಇದಕ್ಕೆ ಬ್ಲೆಫರೋಫೈಮೋಸಿಸ್ ಸಿಂಡ್ರೋಮ್ ಎನ್ನುತ್ತಾರೆ, ಚಿಕ್ಕದಾಗಿ ಬಿಪಿಇಎಸ್. ನಾಲ್ಕು ಲಕ್ಷಣ ಒಟ್ಟಿಗೆ ಇರುತ್ತವೆ: ಕಣ್ಣಿನ ಸೀಳು ಕಿರಿದು, ಮೇಲಿನ ರೆಪ್ಪೆ ಇಳಿಬಿದ್ದಿರುತ್ತದೆ, ಕೆಳರೆಪ್ಪೆಯಿಂದ ಮೂಗಿನ ಕಡೆಗೆ ಚರ್ಮದ ಮಡಿಕೆಯೊಂದು ಮೇಲಕ್ಕೆ ಏರಿರುತ್ತದೆ, ಎರಡೂ ಕಣ್ಣಿನ ಒಳಮೂಲೆಗಳ ನಡುವಿನ ಅಂತರ ಜಾಸ್ತಿ. ದೊಡ್ಡವರ ಕಣ್ಣಿನ ಸೀಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಮಾನ್ಯವಾಗಿ 25ರಿಂದ 30 ಮಿಲಿಮೀಟರ್ ಇರುತ್ತದೆ, ಇವರಲ್ಲಿ 20ರಿಂದ 22ರ ಆಸುಪಾಸು. ಅಪ್ಪನ ಹಣೆಯನ್ನು ಒಮ್ಮೆ ಗಮನಿಸಿ. ಹುಬ್ಬನ್ನು ಮೇಲೆತ್ತಿ, ಗದ್ದ ಮೇಲೆ ಮಾಡಿ ನೋಡುವ ಅಭ್ಯಾಸದಿಂದ ಅಡ್ಡಗೆರೆಗಳು ಬಿದ್ದಿರಬೇಕು. ಶಾಲೆಯಲ್ಲಿ ನಿಮಗೂ 'ಮೂಗು ಮೇಲೆ ಮಾಡ್ಕೊಂಡು ಕೂರ್ತಾಳೆ' ಎಂದು ಬೈಗುಳ ಬಿದ್ದಿರಬಹುದು, ಅಥವಾ 'ನಿದ್ದೆಗಣ್ಣಿ' ಎಂಬ ಅಡ್ಡಹೆಸರು.

3ನೇ ವರ್ಣತಂತುವಿನಲ್ಲಿರುವ ಫಾಕ್ಸ್‌ಎಲ್2 ಎಂಬ ವಂಶವಾಹಿಯಲ್ಲಿನ ದೋಷ ಇದಕ್ಕೆ ಕಾರಣವೆಂದು 2001ರಲ್ಲಿ ತಿಳಿಯಿತು. ಗರ್ಭದಲ್ಲಿ ರೆಪ್ಪೆ ರೂಪುಗೊಳ್ಳುವುದಕ್ಕೂ ಅದು ಬೇಕು, ಅಂಡಾಶಯದಲ್ಲಿ ಅಂಡಾಣುಗಳನ್ನು ಕಾಪಾಡುವ ಕೋಶಗಳಿಗೂ ಅದೇ ಬೇಕು. ಹಾಗಾಗಿ ಇದರಲ್ಲಿ ಎರಡು ಬಗೆ. ಎರಡನೇ ಬಗೆಯಲ್ಲಿ ತೊಂದರೆ ಕಣ್ಣಿಗಷ್ಟೇ. ಮೊದಲನೇ ಬಗೆಯಲ್ಲಿ ಹೆಣ್ಣುಮಕ್ಕಳ ಅಂಡಾಶಯ 40 ತುಂಬುವ ಮೊದಲೇ, ಕೆಲವರಲ್ಲಿ ಇಪ್ಪತ್ತರ ಹರೆಯದಲ್ಲೇ, ಸೋತುಹೋಗುತ್ತದೆ. ಗಂಡಸರ ಸಂತಾನಶಕ್ತಿಗೆ ಏನೂ ಆಗುವುದಿಲ್ಲ. ಹೀಗಾಗಿ ಮೊದಲನೇ ಬಗೆ ಹೆಚ್ಚಾಗಿ ತಂದೆಯ ಕಡೆಯಿಂದಲೇ ಇಳಿದು ಬರುತ್ತದೆ. 'ಅಪ್ಪನಿಗೆ ಏನೂ ಆಗಿಲ್ವಲ್ಲ' ಎನ್ನುವ ಧೈರ್ಯ ನಿಮ್ಮ ವಿಷಯದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೀವು ನೋಡಬೇಕಾದದ್ದು ಸೋದರತ್ತೆಯನ್ನು.

ಪಿಸಿಒಡಿ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಮುಟ್ಟು ತಪ್ಪಿದ ಹುಡುಗಿಯರಿಗೆಲ್ಲ ಇವತ್ತು ಅದೇ ಹಣೆಪಟ್ಟಿ. ಮಾತ್ರೆ ನುಂಗಿ ಬಿಟ್ಟಮೇಲೆ ಆಗುವ ರಕ್ತಸ್ರಾವ ಆ ಮಾತ್ರೆಯದ್ದು. ಅಂಡಾಶಯ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ. ರಕ್ತದಲ್ಲಿ ಎಫ್‌ಎಸ್‌ಎಚ್ (ಅಂಡಾಶಯವನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್), ಎಸ್ಟ್ರಾಡಯೋಲ್ (ಅಂಡಾಶಯ ತಯಾರಿಸುವ ಎಸ್ಟ್ರೊಜೆನ್ ಹಾರ್ಮೋನ್), ಎಎಂಎಚ್ (ಅಂಡಾಣು ಎಷ್ಟು ಉಳಿದಿವೆ ಎಂದು ಸೂಚಿಸುವ ಹಾರ್ಮೋನ್) ನೋಡಿಸಿ, ಜೊತೆಗೆ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್. ಪಿಸಿಒಡಿಯಲ್ಲಿ ಎಎಂಎಚ್ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಎಫ್‌ಎಸ್‌ಎಚ್ ಏರಿರುವುದಿಲ್ಲ. ಅಂಡಾಶಯ ಸೋಲುತ್ತಿದ್ದರೆ ಇದು ತಿರುಗಾಮುರುಗಾ: ಎಎಂಎಚ್ ತೀರಾ ಕಡಿಮೆ, ಎಫ್‌ಎಸ್‌ಎಚ್ 25ಕ್ಕಿಂತ ಮೇಲೆ. ಅನುಮಾನ ಉಳಿದರೆ ನಾಲ್ಕೈದು ವಾರ ಬಿಟ್ಟು ಎಫ್‌ಎಸ್‌ಎಚ್ ಇನ್ನೊಮ್ಮೆ ಮಾಡಿಸುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಅಂಡಾಣು ಚೀಲಗಳನ್ನು ಎಣಿಸುತ್ತಾರೆ. ಇವಕ್ಕೆಲ್ಲ ಚಿಕ್ಕಮಗಳೂರೋ ಹಾಸನವೋ ಸಾಕು. ಹಾರ್ಮೋನ್ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ಲೆಕ್ಕ ಏರುಪೇರಾಗುತ್ತದೆ. ಕಣ್ಣಿನ ಆಪರೇಷನ್ ಆಗಿತ್ತೆಂದು ಸ್ತ್ರೀರೋಗ ತಜ್ಞರಿಗೆ ನೀವಾಗಿಯೇ ಹೇಳಬೇಕು, ಅವರು ಕೇಳುವ ಪ್ರಶ್ನೆಗಳಲ್ಲಿ ಅದು ಇರುವುದಿಲ್ಲ. ಐದನೇ ವಯಸ್ಸಿನ ಮುಂಚಿನ ಒಂದು ಫೋಟೊ ಇದ್ದರೆ ಕೈಯಲ್ಲಿ ಹಿಡಿದುಕೊಂಡು ಹೋಗಿ.

ವಂಶವಾಹಿ ಪರೀಕ್ಷೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಹೋಗಬಹುದು. ಅಪ್ಪನೂ ಜೊತೆಗೆ ಬಂದರೆ ಒಳ್ಳೆಯದು. ಆದರೆ ಆ ರಿಪೋರ್ಟಿಗಾಗಿ ಕಾಯುತ್ತಾ ರಕ್ತಪರೀಕ್ಷೆ ಮುಂದೂಡಬೇಡಿ. ಅಂಡಾಶಯದ ಈಗಿನ ಸ್ಥಿತಿಯನ್ನು ವಂಶವಾಹಿ ಹೇಳುವುದಿಲ್ಲ.

ಮಕ್ಕಳ ಮಾತಿಗೆ ಬರೋಣ. ಅಂಡಾಣು ಇನ್ನೂ ಉಳಿದಿದ್ದರೆ ಅವನ್ನು ತೆಗೆದು ಶೀತಲೀಕರಿಸಿ ಇಡಬಹುದು, ಮದುವೆ ಆಗಿರಲೇಬೇಕೆಂದಿಲ್ಲ. ಉಳಿದಿಲ್ಲ ಎಂದಾದರೂ ನಿಮ್ಮ ಗರ್ಭಕೋಶಕ್ಕೆ ಏನೂ ಆಗಿರುವುದಿಲ್ಲ. ಬೇರೊಬ್ಬರ ಅಂಡಾಣುವಿನಿಂದ ಐವಿಎಫ್ ಮಾಡಿಸಿ ನೀವೇ ಹೊತ್ತು ಹೆರಬಹುದು. ಐವಿಎಫ್‌ನಂಥ ಚಿಕಿತ್ಸೆಗಳ ಕುರಿತ 2021ರ ಕಾಯ್ದೆಯ ಪ್ರಕಾರ ಅಂಡಾಣು ಕೊಡುವವರು 23ರಿಂದ 35 ವರ್ಷದೊಳಗಿರಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು. ಅಂಡಾಶಯ ಸೋತವರಲ್ಲೂ ಅದು ನಡುನಡುವೆ ಎಚ್ಚೆತ್ತು ತಾನಾಗಿ ಬಸಿರು ನಿಂತದ್ದುಂಟು. ಅದನ್ನು ನಂಬಿ ಕೂರುವಂತಿಲ್ಲ ಅಷ್ಟೇ. ನಿಮ್ಮದೇ ಅಂಡಾಣುವಿನಿಂದ ಹುಟ್ಟುವ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಇದು ಬರುವ ಸಾಧ್ಯತೆ ಶೇಕಡಾ 50. ಮನೆಯ ದೋಷ ಯಾವುದೆಂದು ಪರೀಕ್ಷೆಯಲ್ಲಿ ಗೊತ್ತಾಗಿದ್ದರೆ ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಮುಂಚೆಯೇ ಪರೀಕ್ಷಿಸುವ ದಾರಿಯಿದೆ. ಖರ್ಚು ಮಾತ್ರ ಜಾಸ್ತಿ.

ಮಗು ಬೇಡವೆನ್ನುವವರೂ ಮರೆಯಬಾರದ ಮಾತೊಂದಿದೆ. ಎಸ್ಟ್ರೊಜೆನ್ ಇಲ್ಲದೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಅಂಡಾಶಯ ಸೋತಿರುವುದು ಖಚಿತವಾದರೆ 50 ವರ್ಷದವರೆಗೆ ಹಾರ್ಮೋನ್ ತಗೊಳ್ಳಬೇಕಾಗುತ್ತದೆ. 'ಹಾರ್ಮೋನ್ ಮಾತ್ರೆಯಿಂದ ಕ್ಯಾನ್ಸರ್' ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ನಿಮ್ಮ ವಯಸ್ಸಿನಲ್ಲಿ ಅದು ದೇಹ ತಾನೇ ಮಾಡಿಕೊಳ್ಳಬೇಕಿದ್ದ ಹಾರ್ಮೋನನ್ನು ತುಂಬಿಕೊಡುತ್ತದೆ, ಅಷ್ಟೇ. ರಾಗಿಮುದ್ದೆ ಖಂಡಿತ ತಿನ್ನಿ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಆದರೆ ಹಾರ್ಮೋನಿನ ಕೆಲಸವನ್ನು ಮುದ್ದೆ ಮಾಡುವುದಿಲ್ಲ.

ಗಂಡಿನ ಕಡೆಯವರಿಗೆ ಹೇಳಬೇಕೇ ಎಂದು ನೀವು ಕೇಳಿಲ್ಲ, ಆದರೂ ಪತ್ರದಲ್ಲಿ ಅದೇ ಇದೆ. ಮೊದಲು ರಿಪೋರ್ಟ್ ಬರಲಿ. ಆಮೇಲೆ ಹುಡುಗನಿಗೆ, ದಲ್ಲಾಳಿಗಲ್ಲ, ನೀವೇ ಕೂತು ಹೇಳಿ, ನಿಶ್ಚಿತಾರ್ಥಕ್ಕೆ ಮುಂಚೆ. ಮುಚ್ಚಿಟ್ಟು ಮದುವೆಯಾಗಿ ಎರಡು ವರ್ಷದ ನಂತರ 'ಗೊತ್ತಿತ್ತಾ ನಿನಗೆ?' ಎಂಬ ಪ್ರಶ್ನೆ ಎದುರಿಸಿದವರನ್ನು ನನ್ನ ಕೊಠಡಿಯಲ್ಲಿ ಕಂಡಿದ್ದೇನೆ. ಅಂಡಾಶಯದ ಕಥೆಗಿಂತ ಆ ಪ್ರಶ್ನೆಯೇ ಅವರನ್ನು ಹೆಚ್ಚು ಸುಟ್ಟಿತ್ತು. ಸೋದರತ್ತೆಯ ಹತ್ತಿರವೂ ಒಮ್ಮೆ ಮಾತಾಡಿ. ಯಾವ ವಯಸ್ಸಿಗೆ ಮುಟ್ಟು ನಿಂತಿತು ಎಂದು ಅವರನ್ನು ಯಾರೂ ಕೇಳಿರಲಿಕ್ಕಿಲ್ಲ. ಅವರ ಮೂಳೆ ಪರೀಕ್ಷೆಯೂ ಆಗಬೇಕು.

ಪ್ರಶ್ನೆ: ಸಕಲೇಶಪುರದವಳು. ಮೂರು ವರ್ಷದ ಮಗನಿಗೆ ಇದೇ ಕಾಯಿಲೆ ಎಂದಿದ್ದಾರೆ. ನಮ್ಮ ಎರಡೂ ಮನೆಗಳಲ್ಲಿ ಯಾರಿಗೂ ಇಲ್ಲ. ನಾನು ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿದ್ದೇ ಕಾರಣ ಎಂದು ನಮ್ಮತ್ತೆ ಹೇಳುತ್ತಾರೆ. ಆಪರೇಷನ್ ದೊಡ್ಡವನಾದಮೇಲೆ ಮಾಡಿಸಿದರಾಗದೇ?

ಉತ್ತರ: ಕಾಯಬೇಡಿ. ರೆಪ್ಪೆ ಪಾಪೆಯನ್ನು ಮುಚ್ಚಿದ್ದರೆ ಮಿದುಳು ಆ ಕಣ್ಣಿನಿಂದ ನೋಡುವುದನ್ನೇ ಕಲಿಯುವುದಿಲ್ಲ, ದೊಡ್ಡವನಾದಮೇಲೆ ರೆಪ್ಪೆ ಎತ್ತಿದರೂ ಆ ದೃಷ್ಟಿ ಪೂರ್ತಿ ಬರುವುದಿಲ್ಲ. ಸಾಮಾನ್ಯವಾಗಿ 3ರಿಂದ 5 ವರ್ಷದೊಳಗೆ ಒಳಮೂಲೆಯ ಮಡಿಕೆ ಬಿಡಿಸಿ, ಆರು ತಿಂಗಳೋ ವರ್ಷವೋ ಬಿಟ್ಟು ರೆಪ್ಪೆಯನ್ನು ಹುಬ್ಬಿನ ಸ್ನಾಯುವಿಗೆ ಜೋಲಿಯ ಹಾಗೆ ಕಟ್ಟುತ್ತಾರೆ. ಪಾಪೆಯೇ ಮುಚ್ಚಿದ್ದರೆ ಇನ್ನೂ ಬೇಗ. ಆಮೇಲೆ ನಿದ್ದೆಯಲ್ಲಿ ಕಣ್ಣು ಅರೆ ತೆರೆದಿರುತ್ತದೆ, ಗಾಬರಿಯಾಗಬೇಡಿ, ರಾತ್ರಿ ಮುಲಾಮು ಹಚ್ಚಬೇಕು. ಕನ್ನಡಕ ಬೇಕೇ, ಮಾಲುಗಣ್ಣು ಇದೆಯೇ ಎಂದು ಈ ತಿಂಗಳೇ ತೋರಿಸಿ.

ತಂದೆ ತಾಯಿಗೆ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಈ ದೋಷ ಕಾಣಿಸಿಕೊಳ್ಳುವುದು ಸಾಕಷ್ಟು ಸಾಮಾನ್ಯ. ನಿಮ್ಮ ಮುಂದಿನ ಮಗುವಿಗೆ ಬರುವ ಸಾಧ್ಯತೆ ಕಡಿಮೆ, ಸೊನ್ನೆ ಅಲ್ಲ. ಮಗನಿಗೆ ಮುಂದೆ ಮಕ್ಕಳಾಗಲು ಇದು ಅಡ್ಡಿಯಿಲ್ಲ. ಆದರೆ ಅವನಿಗೆ ಹುಟ್ಟುವ ಹೆಣ್ಣುಮಗುವಿಗೆ ಇದೇ ಕಣ್ಣು ಬಂದರೆ, ಮೇಲಿನ ಪತ್ರ ಬರೆದ ಹುಡುಗಿಗೆ ಹೇಳಿದ ಪರೀಕ್ಷೆಗಳು ಬೇಕಾಗಬಹುದು. ವಂಶವಾಹಿ ರಿಪೋರ್ಟ್ ಬಂದಾಗ ಜೋಪಾನವಾಗಿ ಎತ್ತಿಡಿ. ನಿಮ್ಮತ್ತೆಯವರಿಗೆ ಹೇಳಿ: ಗ್ರಹಣದ ದಿನ ಊರಿನಲ್ಲಿ ಇನ್ನೂ ಎಷ್ಟು ಬಸುರಿಯರು ತರಕಾರಿ ಹೆಚ್ಚಿದ್ದರೋ!