ದತ್ತಿ ಇಟ್ಟ ಮೇಲೆ ಯಾರು ನೋಡುತ್ತಾರೆ?

ಪ್ರಶ್ನೆ: ನಮ್ಮ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬಟ್ಟೆ ಹೊಲಿದು ನಮ್ಮನ್ನು ಓದಿಸಿದರು. ಅವರ ಹೆಸರಲ್ಲಿ ಬಳ್ಳಾರಿಯ ವಿಶ್ವವಿದ್ಯಾಲಯದಲ್ಲಿ 3 ಲಕ್ಷ ರೂಪಾಯಿ ದತ್ತಿ ಇಡಬೇಕೆಂದಿದ್ದೇನೆ. ಅಸಲು ಹಾಗೇ ಉಳಿದು, ಅದರ ಬಡ್ಡಿಯಲ್ಲಿ ಬಳ್ಳಾರಿ ಜಿಲ್ಲೆಯ ಬಡ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಸಿಗಬೇಕು. ಹಣ ಕೊಟ್ಟ ಮೇಲೆ ನಮ್ಮ ಮಾತನ್ನು ಯಾರು ನೆನಪಿಡುತ್ತಾರೆ?
— ಓದುಗರೊಬ್ಬರು, ಸಿರುಗುಪ್ಪ

ಉತ್ತರ: ನೆನಪಿನ ಮೇಲೆ ಬಿಡಬೇಡಿ ಸರ್, ದತ್ತಿ ಪತ್ರದಲ್ಲಿ ಬರೆಸಿ. ವಿದ್ಯಾರ್ಥಿವೇತನ ವಿಭಾಗದಲ್ಲಿ ಬಹಳ ಕಾಲ ಫೈಲು ನೋಡಿದವಳು ನಾನು. ಅಧಿಕಾರಿಗಳು ಬದಲಾಗುತ್ತಾರೆ, ಗುಮಾಸ್ತರಿಗೆ ವರ್ಗವಾಗುತ್ತದೆ. ಉಳಿಯುವುದು ಆ ಪತ್ರ ಮಾತ್ರ.

ಬರೀ 'ಬಡ' ಅಂತ ಬರೆದರೆ ಪರೀಕ್ಷಿಸುವುದು ಹೇಗೆ? ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕು ಅಂತ ಹಾಕಿ. ಆದರೆ ಆದಾಯ ಮಿತಿಯನ್ನು ಇಂತಿಷ್ಟೇ ರೂಪಾಯಿ ಅಂತ ಬರೆಯಬೇಡಿ. ಇಪ್ಪತ್ತು ವರ್ಷ ಕಳೆದರೆ ಕೂಲಿಯವರ ಮಗಳೂ ಆ ಮಿತಿ ದಾಟಿರುತ್ತಾಳೆ. ಸರ್ಕಾರದ ಯಾವುದಾದರೂ ಒಂದು ವಿದ್ಯಾರ್ಥಿವೇತನ ಯೋಜನೆಯ ಹೆಸರು ಹೇಳಿ, 'ಅದಕ್ಕೆ ಆಯಾ ವರ್ಷ ಇರುವ ಮಿತಿ' ಅಂದರೆ ಆಯಿತು.

'ಬಳ್ಳಾರಿ ಜಿಲ್ಲೆ' ಅನ್ನುವುದೂ ಅಷ್ಟು ಸುಲಭವಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು. 2021ರಲ್ಲಿ ಹೊಸಪೇಟೆ, ಕೂಡ್ಲಿಗಿ, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಅದಕ್ಕೂ ಮೊದಲು ಬರೆದ ದತ್ತಿ ಪತ್ರದಲ್ಲಿ 'ಬಳ್ಳಾರಿ ಜಿಲ್ಲೆ' ಅಂತಿದ್ದರೆ ಕೂಡ್ಲಿಗಿಯ ಹುಡುಗಿಗೆ ಈಗ ಅರ್ಹತೆ ಉಂಟೋ ಇಲ್ಲವೋ? ದಾನಿ ಬದುಕಿಲ್ಲದಿದ್ದರೆ ಕೇಳುವುದು ಯಾರನ್ನು? ನಿಮ್ಮ ಮನಸ್ಸಿನಲ್ಲಿರುವ ತಾಲ್ಲೂಕುಗಳ ಹೆಸರನ್ನೇ ಬರೆಯಿರಿ. ಮುಂದೆ ತಾಲ್ಲೂಕು ಒಡೆದರೂ ಆ ಊರುಗಳು ಸೇರಿರುತ್ತವೆ ಅಂತ ಒಂದು ಸಾಲು ಹಾಕಿ.

ಶೇ. 7ರ ಬಡ್ಡಿ ಸಿಕ್ಕರೆ ವರ್ಷಕ್ಕೆ 21,000 ರೂಪಾಯಿ. ಅದನ್ನು ಹತ್ತು ಜನರಿಗೆ ಹಂಚಿದರೆ ಫೋಟೋ ದೊಡ್ಡದಾಗುತ್ತದೆ, ಯಾರ ಫೀಸೂ ತುಂಬುವುದಿಲ್ಲ. ಒಬ್ಬಳಿಗೇ ಕೊಡಿ, ಕೋರ್ಸು ಮುಗಿಯುವವರೆಗೂ ಕೊಡಿ. ಪ್ರತಿ ವರ್ಷ ಹಣ ಬಿಡುವ ಮೊದಲು ಅವಳು ಓದು ಮುಂದುವರಿಸಿದ್ದಾಳಾ, ಹಾಜರಾತಿ ಇದೆಯಾ, ಪಾಸಾಗಿದ್ದಾಳಾ ಅಂತ ವಿಭಾಗದವರು ನೋಡಲಿ. ವಿಶ್ವವಿದ್ಯಾಲಯವೇ ಫಲಿತಾಂಶ ತಡ ಮಾಡಿದರೆ ಹಣ ನಿಲ್ಲಿಸಬಾರದು ಅಂತಲೂ ಬರೆಸಿ. ಫಲಿತಾಂಶ ಬರಲಿ ಅಂತ ಕಾಯುತ್ತಾ ಕೂತರೆ ಹಾಸ್ಟೆಲ್ ಬಿಟ್ಟು ಊರಿಗೆ ಹೋಗುವವಳು ಆ ಹುಡುಗಿ.

ತಕ್ಕವಳು ಸಿಗದ ವರ್ಷ ಏನು ಮಾಡಬೇಕು? ಇದನ್ನು ಬರೆಯುವವರೇ ಕಡಿಮೆ. ಒಂದೇ ವಿಷಯದ ಎಂ.ಎ.ಗೆ ಇಟ್ಟ ದತ್ತಿಯೊಂದರಲ್ಲಿ, ಆ ವಿಷಯಕ್ಕೆ ಯಾರೂ ಸೇರದೆ ಬಡ್ಡಿ ಸುಮ್ನೆ ಬಿದ್ದಿದ್ದನ್ನು ನೋಡಿ ನನಗೆ ಸಂಕಟವಾಗಿತ್ತು. ಪಕ್ಕದ ವಿಭಾಗದಲ್ಲೇ ಸಾಲ ಮಾಡಿ ಫೀಸು ಕಟ್ಟುವ ಹುಡುಗಿಯರಿದ್ದರು. ಸಾರ್ವಜನಿಕ ದತ್ತಿಯ ಮೂಲ ಉದ್ದೇಶವನ್ನು ಬದಲಿಸಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಕೋರ್ಟಿಗೆ ಹೋಗುವ ದಾರಿ ಇದೆ. ಆದರೆ ಅಷ್ಟು ದೂರ ಯಾಕೆ? ಮೊದಲು ಇಂಥವರಿಗೆ, ಇಲ್ಲದಿದ್ದರೆ ಇಂಥವರಿಗೆ ಅಂತ ನೀವೇ ಈಗ ಹೇಳಿಬಿಡಿ.

ಎಷ್ಟು ಬಡ್ಡಿ ಬಂತು, ಯಾವ ಕೋರ್ಸಿನವಳಿಗೆ ಎಷ್ಟು ಹೋಯಿತು ಅಂತ ಪ್ರತಿ ವರ್ಷ ಲಿಖಿತ ವರದಿ ಕೇಳಿ. ಆದರೆ ಅವಳ ಜಾತಿ ಪ್ರಮಾಣಪತ್ರ, ಮನೆಯ ಕಷ್ಟದ ಕತೆ ಕೇಳಬೇಡಿ. ಸನ್ಮಾನಕ್ಕೂ ಕರೆಸಬೇಡಿ. ಇದು ನನ್ನ ಕೈಮುಗಿದ ವಿನಂತಿ.

ಪ್ರಶ್ನೆ: ಮೇಡಂ, ಒಂದು ಪೇಪರ್ ಉಳಿದಿದ್ದಕ್ಕೆ ನನ್ನ ದತ್ತಿ ವಿದ್ಯಾರ್ಥಿವೇತನ ನಿಲ್ಲಿಸಿದ್ದಾರೆ. ಕಾರಣ ಬರೆದು ಕೊಟ್ಟಿಲ್ಲ. ಹೋದ ವರ್ಷದ್ದನ್ನೂ ವಾಪಸ್ ಕಟ್ಟಬೇಕಾ?
— ವಿದ್ಯಾರ್ಥಿ, ಗಂಗಾವತಿ

ಉತ್ತರ: ತಮ್ಮಾ, ಮೊದಲು ದತ್ತಿಯ ಷರತ್ತು ನೋಡು. 'ಎಲ್ಲ ವಿಷಯ ಪಾಸಾಗಬೇಕು' ಅಂತಿದ್ದರೆ ಅವರು ಮಾಡಿದ್ದು ಸರಿ. 'ಮುಂದಿನ ವರ್ಷಕ್ಕೆ ಪ್ರವೇಶ ಸಿಗಬೇಕು' ಅಂತಷ್ಟೇ ಇದ್ದು, ನಿನಗೆ ಪ್ರವೇಶ ಸಿಕ್ಕಿದ್ದರೆ, ನಿಲ್ಲಿಸುವಂತಿಲ್ಲ. ಅರ್ಹತೆ ಇದ್ದಾಗ ಪಡೆದ ಹಣವನ್ನು, ಹಾಗಂತ ಷರತ್ತು ಇಲ್ಲದಿದ್ದರೆ, ವಾಪಸ್ ಕೇಳುವುದು ನ್ಯಾಯವಲ್ಲ. ಷರತ್ತಿನ ಪ್ರತಿ ಮತ್ತು ನಿಲ್ಲಿಸಿದ ಕಾರಣವನ್ನು ಕುಲಸಚಿವರಿಗೆ ಅರ್ಜಿ ಬರೆದು ಕೇಳು, ಸ್ವೀಕೃತಿ ಮುದ್ರೆ ಹಾಕಿಸಿಕೊ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕು. 30 ದಿನದೊಳಗೆ ಅವರು ಉತ್ತರ ಕೊಡಬೇಕು. ಅಷ್ಟರಲ್ಲಿ ಆ ಪೇಪರಿಗೂ ಪರೀಕ್ಷಾ ಶುಲ್ಕ ಕಟ್ಟಿಬಿಡು.