ಗಜಕರ್ಣದ ತಳಿ ಸೂಟ್‌ಕೇಸಿನಲ್ಲಿ ಬೇಡ

ಉಡುಪಿಯಿಂದ ನೆದರ್‌ಲ್ಯಾಂಡ್ಸಿನ ಶಿಲೀಂಧ್ರನಾಶಕ ಔಷಧಿಗಳ ಲ್ಯಾಬಿಗೆ ಪಿಎಚ್‌ಡಿಗೆಂದು ಹೊರಟಿದ್ದೀರಿ. ಇಲ್ಲಿನ ಹವೆ ಹೇಗೆ, ಮೊದಲು ಯಾವ ಕೆಲಸ ಕೊಡುತ್ತಾರೆ, ಊರಿನ ರೋಗಿಗಳಿಂದ ಬೆಳೆಸಿಟ್ಟ ಗಜಕರ್ಣದ ತಳಿಗಳನ್ನು ತರಬಹುದೇ ಎಂದು ಕೇಳಿದ್ದೀರಿ.

ಮಳೆ ನಿಮಗೆ ಹೊಸತಲ್ಲ. ಆದರೆ ಇಲ್ಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಓಡಾಟ ಹೆಚ್ಚಾಗಿ ಸೈಕಲಿನಲ್ಲಿ. ಮಳೆಕೋಟು, ಮಳೆಪ್ಯಾಂಟು ಎರಡೂ ಬೇಕು.

ತಳಿಗಳನ್ನು ಮಾತ್ರ ಬ್ಯಾಗಿಗೆ ಹಾಕಬೇಡಿ ಮಾರಾಯ್ರೇ. ಹೊರದೇಶಕ್ಕೆ ಕಳಿಸಲು ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಆಮೇಲೆ ಮೂರು ಪದರದ ಪ್ಯಾಕಿಂಗಿನಲ್ಲಿ ಸಂಸ್ಥೆಯಿಂದ ಸಂಸ್ಥೆಗೆ ಬರಬೇಕು. ಅರ್ಜಿ ಈಗಲೇ ಹಾಕಿಸಿ, ಆ ತಳಿಗಳು ಇಲ್ಲಿ ನಿಜಕ್ಕೂ ಬೇಕಾದವು, ಔಷಧಿಗೆ ಬಗ್ಗದಿರುವುದು ಹೇಗೆಂದು ಅವುಗಳಿಂದ ಕಲಿಯಬಹುದು. ಸ್ಟಿರಾಯ್ಡ್ ಬೆರೆತ ಮುಲಾಮು ತುರಿಕೆ ಅಡಗಿಸಿ ಶಿಲೀಂಧ್ರವನ್ನು ಹಬ್ಬಲು ಬಿಡುತ್ತದೆ. ಗಜಕರ್ಣ ತರುವ ಶಿಲೀಂಧ್ರ ಟ್ರೈಕೊಫೈಟಾನ್ ಇಂಡೊಟಿನಿಯೆಯಲ್ಲಿ, ಟರ್ಬಿನಾಫಿನ್ ಔಷಧಿ ತಡೆಯಬೇಕಾದ ಸ್ಕ್ವಾಲೀನ್ ಎಪಾಕ್ಸಿಡೇಸ್ ಕಿಣ್ವದ 397ನೇ ಅಮೈನೋ ಆಮ್ಲ ಬದಲಾದರೆ ಆ ಔಷಧಿ ಹೆಚ್ಚಾಗಿ ನಾಟುವುದಿಲ್ಲ.

ಮೊದಲ ತಿಂಗಳುಗಳು 96 ಪುಟ್ಟ ಗುಳಿಗಳ (ವೆಲ್) ಪ್ಲೇಟಿನ ಮುಂದೆಯೇ, ಎಷ್ಟು ಔಷಧಿಗೆ ಶಿಲೀಂಧ್ರ ನಿಲ್ಲುತ್ತದೆ ಎಂದು ಅಳೆಯುತ್ತಾ ಕಳೆಯುತ್ತವೆ. ನಿಮಗೆ ಅಮೆರಿಕದ ಸಿಎಲ್‌ಎಸ್‌ಐ ಪರೀಕ್ಷಾ ಪದ್ಧತಿ ರೂಢಿಯಾಗಿದ್ದರೆ ಯುರೋಪಿನ ಯುಕಾಸ್ಟ್ ಪದ್ಧತಿಯ ಜೊತೆ ಬೆರೆಸಬೇಡಿ. ಯೀಸ್ಟಿಗೆ ಸಿಎಲ್‌ಎಸ್‌ಐನಲ್ಲಿ ಪ್ರತಿ ಮಿಲಿಲೀಟರಿಗೆ 500ರಿಂದ 2,500 ಕೋಶ, ಯುಕಾಸ್ಟಿನಲ್ಲಿ 50 ಸಾವಿರದಿಂದ 2.5 ಲಕ್ಷ. ಗ್ಲೂಕೋಸ್ ಅಲ್ಲಿ ಶೇ. 0.2, ಇಲ್ಲಿ ಶೇ. 2. ಒಂದರಂತೆ ಪ್ಲೇಟ್ ಹಾಕಿ ಇನ್ನೊಂದರ ಕೋಷ್ಟಕ ನೋಡಿದರೆ ಫಲಿತಾಂಶಕ್ಕೆ ಅರ್ಥವೇ ಇಲ್ಲ. ಯುಕಾಸ್ಟಿನಲ್ಲಿ 24 ಗಂಟೆಯ ಬಳಿಕ ಪ್ಲೇಟಿನ ಮಸುಕನ್ನು ಯಂತ್ರದಲ್ಲಿ 530 ನ್ಯಾನೋಮೀಟರ್ ಬೆಳಕಿನಲ್ಲಿ ಓದಿ: ಅಜೋಲ್ ಗುಂಪಿನ ಔಷಧಿಗಳಿಗೆ ಬೆಳವಣಿಗೆ ಶೇ. 50 ಕುಸಿದ ಜಾಗ, ಆಂಫೊಟೆರಿಸಿನ್ ಬಿಗೆ ಶೇ. 90. ಅಜೋಲ್ ಎಷ್ಟು ಹೆಚ್ಚಿಸಿದರೂ ಕ್ಯಾಂಡಿಡಾ ಯೀಸ್ಟಿನ ತೆಳು ಮಸುಕು ಉಳಿಯುವುದುಂಟು. ಕಣ್ಣಳತೆಯಲ್ಲಿ ಅದನ್ನು ನಿರೋಧ ಎಂದುಕೊಂಡು ಹೊಸಬರು ಎಡವುತ್ತಾರೆ. ಪೊಸಕೊನಜೋಲ್ ಎಂಬ ಅಜೋಲ್ ನೀರಿನಲ್ಲಿ ಕರಗದು. ಹಂತ ಹಂತವಾಗಿ ತೆಳುವಾಗಿಸುವುದನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲೇ ಮುಗಿಸಿ, ಆಮೇಲೆ ಶಿಲೀಂಧ್ರ ಬೆಳೆಸುವ ಮಾಧ್ಯಮಕ್ಕೆ ಹಾಕಿ, ಕೊನೆಗೆ ಡಿಎಂಎಸ್‌ಒ ಶೇ. 1 ಮೀರಬಾರದು. ಔಷಧಿ ಇಲ್ಲದ ಕಂಟ್ರೋಲ್ ವೆಲ್‌ಗೂ ಅಷ್ಟೇ ಡಿಎಂಎಸ್‌ಒ ಇರಲಿ.

ಹೊಸ ಔಷಧಿ ಯಾಕಿಷ್ಟು ಕಷ್ಟ? ಶಿಲೀಂಧ್ರದ ಕೋಶ ನಮ್ಮ ಕೋಶಕ್ಕೆ ಹತ್ತಿರದ ನೆಂಟ, ಗುರಿಯಿಡಲು ಬೇರೆಯಾದ ಜಾಗಗಳು ಕಡಿಮೆ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೆಜಫಂಜಿನ್ ವಾರಕ್ಕೊಮ್ಮೆ ಕೊಟ್ಟರೆ ಸಾಕು, ಆದರೆ ಗುರಿ ಹಳೆಯ ಕೋಶಗೋಡೆಯೇ. ಓಲೊರೊಫಿಮ್ ಎಂಬ ಔಷಧಿಯದು ಹೊಸ ಗುರಿ. ಅದು ತಡೆಯುವ ಕಿಣ್ವವನ್ನೇ ಬೆಳೆಗೆ ಹೊಡೆಯುವ ಇಪ್‌ಫ್ಲುಫೆನೊಕ್ವಿನ್ ಕೂಡ ತಡೆಯುತ್ತದೆ. ಹೊಲದ ಮದ್ದಿಗೆ ಪಳಗಿದ ಶಿಲೀಂಧ್ರ ಅದೇ ಗುರಿಯ ಔಷಧಿಗೂ ಬಗ್ಗದಿರಬಹುದು: ಈ ದೇಶದಲ್ಲಿ ಅಜೋಲ್‌ಗೆ ಬಗ್ಗದ ಆಸ್ಪರ್ಜಿಲಸ್ ಎಂಬ ಬೂಸ್ಟು ಹುಟ್ಟಿದ್ದಕ್ಕೆ ಹೊಲದ ಅಜೋಲ್‌ಗಳ ನಂಟಿದೆ. ನಮ್ಮ ಅಡಿಕೆ ತೋಟದ ಎಲೆಚುಕ್ಕಿಗೆ ಹೊಡೆಯುವ ಪ್ರೊಪಿಕೊನಜೋಲ್ ಅದೇ ಕುಟುಂಬದ್ದು. ಯಾವ ಹೊಸ ಅಣು ಕೈಗೆ ಬಂದರೂ ಗೈಡ್ ಹತ್ತಿರ ಮೊದಲ ದಿನವೇ ಕೇಳಿ: ಇದೇ ಗುರಿಗೆ ತೋಟದ ಮದ್ದು ಏನಾದರೂ ಇದೆಯೇ?