ಅಜ್ಜಿ ಎಳೆದುಕೊಂಡು ಹೋದ ಕುರ್ಚಿ

ನಮಸ್ಕಾರ,

ನೀವು ನಮ್ಮ ಪತ್ರಿಕೆಗೆ ಕಳಿಸಿದ ‘ಸ್ಥಳಪ್ರೇಮ ಮತ್ತು ಮಾನಸಿಕ ಆಸ್ಪತ್ರೆಗಳ ವಿನ್ಯಾಸ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಡಲೂ ಮನಸ್ಸಿಲ್ಲ. ಕಾರಣ, ನಾಲ್ಕನೇ ಪುಟದ ಒಂದೇ ಒಂದು ಸಾಲು.

ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾಗ ನಿಮ್ಮಜ್ಜಿ ದಿನಾ ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಹೋಗಿ ವರಾಂಡದ ತುದಿಯ ಬಾಗಿಲ ಹತ್ತಿರ ಕೂರುತ್ತಿದ್ದರು, ಸಿಸ್ಟರ್ ವಾಪಸ್ ಕರೆತರುತ್ತಿದ್ದರು. ಇಷ್ಟು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ! ಅಲ್ಲಿಂದ ಏನು ಕಾಣುತ್ತಿತ್ತು? ಮಳೆಯಾ, ಗೇಟಾ, ಬೈಕ್ ಸ್ಟ್ಯಾಂಡಾ? ಮನೆಯಲ್ಲಿ ಜಗಲಿ ಮೇಲೆ ಅಡಿಕೆ ಸುಲಿಯುತ್ತಾ ಕೂತು, ಅಂಗಳಕ್ಕೆ ಯಾರೇ ಬಂದರೂ ಮೊದಲು ಮಾತಾಡಿಸುತ್ತಿದ್ದವರು ಅವರೇ ಅಂತ ಒಂದನೇ ಪುಟದಲ್ಲಿ ನೀವೇ ಹೇಳಿದ್ದೀರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಜ್ಜಿ ಹುಡುಕುತ್ತಿದ್ದದ್ದು ಜಗಲಿಯನ್ನೇ ಅಲ್ವಾ? ಪೂರ್ತಿ ಒಳಗೂ ಅಲ್ಲ, ಹೊರಗೂ ಅಲ್ಲ, ಅಂಥ ಜಾಗ. ವಾರ್ಡು ಕಟ್ಟಿದವರು ಅದನ್ನು ಮರೆತಿದ್ದರು. ನಿಮ್ಮ ಲೇಖನ ಅಲ್ಲೇ ಇದೆ.

ಅದು ಬಿಟ್ಟು ಎರಡು ಪುಟ ಆಸ್ಪತ್ರೆ ವಿನ್ಯಾಸದ ಸಂಶೋಧಕ ರೋಜರ್ ಉಲ್ರಿಚ್ ಬಗ್ಗೆ ಬರೆದಿದ್ದೀರಿ, ಅದೂ ತಪ್ಪಾಗಿ. ಕಿಟಕಿಯಾಚೆ ಮರ ಕಂಡರೆ ಮನೋರೋಗ ಬೇಗ ವಾಸಿ ಅಂತ ಅವರ 1984ರ ಅಧ್ಯಯನ ಹೇಳುವುದಿಲ್ಲ. ಅದರಲ್ಲಿದ್ದ 46 ಜನರೂ ಪಿತ್ತಕೋಶದ ಆಪರೇಷನ್ ಆದವರು. ಮರ ಕಂಡವರು ಇಟ್ಟಿಗೆ ಗೋಡೆ ಕಂಡವರಿಗಿಂತ ಸರಾಸರಿ ಮುಕ್ಕಾಲು ದಿನ ಮೊದಲು ಮನೆಗೆ ಹೋದರು. ಅಷ್ಟೇ. ನಿಮಗೆ ಬೇಕಾದದ್ದು ಕೆನಡಾದ ಸಸ್ಕಾಚೆವಾನ್‌ನಲ್ಲಿದೆ. 1950ರ ದಶಕದಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯೊಂದರ ವಯಸ್ಸಾದವರ ವಾರ್ಡಿನಲ್ಲಿ ಗೋಡೆಗುಂಟ ಸಾಲಾಗಿ ಕುರ್ಚಿ ಹಾಕಿದ್ದರು, ಮಾತುಕತೆ ತೀರಾ ಕಡಿಮೆ. ಮನೋವಿಜ್ಞಾನಿ ರಾಬರ್ಟ್ ಸಮರ್ ಮತ್ತವರ ಜೊತೆಗಾರರು ಟೇಬಲ್ ಇಟ್ಟು ಸುತ್ತ ಕುರ್ಚಿ ಹಾಕಿಸಿದರು. ಕೆಲವು ವಾರದಲ್ಲಿ ಮಾತು ಹೆಚ್ಚಾಯಿತು. ಅಲ್ಲೂ ಕುರ್ಚಿಯೇ, ನೋಡಿ.

ಆಸ್ಪತ್ರೆಯ ಕಿಟಕಿಗೆ ಸರಳು ಕಂಡ ಕೂಡಲೇ ‘ಜೈಲು’ ಅಂದಿದ್ದೀರಿ. ಬೈಯುವುದು ಸುಲಭ. ಬಾತ್‌ರೂಮಿನಲ್ಲಿ ಕೊಕ್ಕೆ ಯಾಕಿಲ್ಲ, ಕಿಟಕಿ ಪೂರ್ತಿ ಯಾಕೆ ತೆರೆಯುವುದಿಲ್ಲ ಅಂತ ಸಿಸ್ಟರನ್ನು ಕೇಳಿದ್ದೀರಾ? ಯಾರೂ ಜೀವಕ್ಕೆ ಅಪಾಯ ಮಾಡಿಕೊಳ್ಳದಿರಲಿ ಅಂತ. ಆ ಭಯವನ್ನೂ ಇಟ್ಟುಕೊಂಡು ಜಗಲಿ ಹೇಗೆ ಕಟ್ಟುವುದು? ಕಷ್ಟದ ಪ್ರಶ್ನೆ ಇದು.

‘ಊರಿಗೆ ಕಳಿಸಿದರೆ ಅರ್ಧ ಗುಣ’ ಅನ್ನುವ ಕೊನೆಯ ಪ್ಯಾರಾ ಹೊಡೆದುಹಾಕಿ. ಅಜ್ಜಿಯ ತವರು ಮುಳುಗಡೆಯಾದದ್ದು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನೀರಡಿ ಸೇರಿದ್ದು ನಿಮ್ಮ ಲೇಖನದಲ್ಲೇ ಇದೆ. ಯಾವ ಊರಿಗೆ ಕಳಿಸುತ್ತೀರಿ?

ಆಸ್ಪತ್ರೆಯ ಹೆಸರು ತೆಗೆಯಿರಿ. ಅಜ್ಜಿಯ ಫೋಟೊ ನಾವು ಹಾಕುವುದಿಲ್ಲ. ಅವರ ಬಗ್ಗೆ ಬರೆಯಲು ಅವರನ್ನೇ ಕೇಳಿ ಒಪ್ಪಿಗೆ ತಗೊಳ್ಳಿ. ಹಾಗೇ, ಆ ಬಾಗಿಲಿಂದ ಏನು ಕಾಣುತ್ತಿತ್ತು ಅಂತಲೂ ಕೇಳಿ. ಅವರು ಹೇಳಿದ್ದನ್ನು ತಿದ್ದದೆ ಕಳಿಸಿ.

– ಸಂಪಾದಕ